ಅತ್ತೆಯ ಮಂತ್ರ, ನನ್ನ ರಾಜ್ಯ

ನನ್ನ ರಾಜ್ಯದಲ್ಲಿ ಮಂತ್ರ ಬಿಟ್ಟಿಯಾಗಿ ಸಿಗುತ್ತಿರಲಿಲ್ಲ. ಹಾಕಿದವರು ತಮ್ಮ ಮೈಯಿಂದ ಅದಕ್ಕೆ ಬೆಲೆ ತೆರಬೇಕಿತ್ತು. ಬೆಂಕಿಯ ಮಂತ್ರ ಹಾಕಿದವಳ ನಾಲಿಗೆಗೆ ಅಂದು ಹೊತ್ತು ಮುಳುಗುವವರೆಗೆ ಉಪ್ಪು ಯಾವುದು ಹುಳಿ ಯಾವುದು ತಿಳಿಯುವುದಿಲ್ಲ. ಮಳೆ ನಿಲ್ಲಿಸಿದವಳಿಗೆ ತಿಂಗಳಿಡೀ ಬಾಯಾರಿಕೆ ಹೋಗುವುದಿಲ್ಲ. ಬೇಡ ಎಂದವರ ಮೇಲೆ ಮಂತ್ರ ಹತ್ತುವುದಿಲ್ಲ. ಒಂದು ಮಂತ್ರ ಒಂದು ಬಾಯಲ್ಲಿ ಮಾತ್ರ ಇರುತ್ತದೆ. ಇನ್ನೊಬ್ಬರಿಗೆ ಕಲಿಸಿದ ಕೂಡಲೇ ಕಲಿಸಿದವರ ಬಾಯಲ್ಲಿ ಅದು ಸಾಯುತ್ತದೆ. ಊರೆಲ್ಲ ಕೇಳುವಂತೆ ಹೇಳಿಬಿಟ್ಟರೆ ಯಾರ ಬಾಯಲ್ಲೂ ಉಳಿಯುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸಾಗರದ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತಿದ್ದೆ. ಅಲ್ಲಿಂದ ನಾಲ್ಕು ಪುಟದ ವಾರಪತ್ರಿಕೆಯೊಂದು ಹೊರಡುತ್ತಿತ್ತು. ಕೊನೆಯ ಪುಟ ತುಂಬಿಸಲು ಮಾಲೀಕರು ನನಗೆ ಮಾಯಾಜಾಲದ ಧಾರಾವಾಹಿ ಬರೆಯಲು ಹೇಳಿದರು. ಭೂಪಟದಲ್ಲಿಲ್ಲದ ಒಂದು ರಾಜ್ಯ, ಒಬ್ಬ ಅರಸ, ಅವನ ಅರಮನೆಯ ಮೂಲೆಯ ಕೋಣೆಯಲ್ಲಿ ಒಬ್ಬ ಮಾಟಗಾತಿ. ಮಂತ್ರಗಳಿಗೆ ಇಷ್ಟು ಕಟ್ಟುನಿಟ್ಟಾದ ನಿಯಮ ಕಟ್ಟಿದ್ದಕ್ಕೆ ಓದುಗರು ನನ್ನನ್ನು ಮೆಚ್ಚಿ ಕಾಗದ ಬರೆದರು. ಆ ನಿಯಮಗಳಲ್ಲಿ ಒಂದೂ ನನ್ನದಲ್ಲ.

ಅವು ನನ್ನ ಅತ್ತೆಯವು. ಅಪ್ಪನ ತಂಗಿ. ಗಂಡ ಸತ್ತ ಮೇಲೆ ತೀರ್ಥಹಳ್ಳಿ ಕಡೆಯ ಗಂಡನ ಮನೆಯಿಂದ ಹೊಸನಗರಕ್ಕೆ, ನಮ್ಮ ಮನೆಗೆ, ಒಂದು ಟ್ರಂಕು ಹಿಡಿದು ಬಂದವಳು. ಟ್ರಂಕಿನ ಜೊತೆ ಸರ್ಪಸುತ್ತಿನ ಮಂತ್ರವೂ ಬಂತು. ಅವಳ ಗಂಡನ ತಾಯಿ ಸಾಯುವ ಮುಂಚೆ ಅವಳೊಬ್ಬಳಿಗೇ ಹೇಳಿಕೊಟ್ಟಿದ್ದಂತೆ. ಸೊಂಟದ ಸುತ್ತ ಗುಳ್ಳೆ ಎದ್ದು, ತಲೆಗೆ ಬಾಲ ಕೂಡಿದರೆ ಜೀವ ಹೋಗುತ್ತದೆಂದು ಹೆದರಿದವರು ಬರುತ್ತಿದ್ದರು. ಮೂರು ಬೆಳಿಗ್ಗೆ, ಬರಿಹೊಟ್ಟೆಯಲ್ಲಿ. ಅತ್ತೆ ಗರಿಕೆ ರಸದಲ್ಲಿ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದಳು, ಲಕ್ಕಿ ಸೊಪ್ಪಿನ ಕಡ್ಡಿಯಿಂದ ಗಾಳಿಯಲ್ಲಿ ನೇವರಿಸುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಗ್ರಹಣ ಬಂದಾಗ ಎದೆಮಟ್ಟದ ನೀರಿನಲ್ಲಿ ನಿಂತು ಮಂತ್ರ ಹೇಳಿಕೊಳ್ಳುತ್ತಿದ್ದಳು. ಇಲ್ಲದಿದ್ದರೆ ಅದು ಮಂಕಾಗುತ್ತದೆಯಂತೆ.

ಅಪ್ಪ ವಿಜ್ಞಾನದ ಮೇಷ್ಟ್ರು. ಮಂತ್ರ ಎಂದರೆ ಊರೆದುರು ನಗುತ್ತಿದ್ದರು. ಆದರೆ ಜಗುಲಿಗೆ ಅಂಟಿದ ಕೋಣೆ, ಕಿಟಕಿಯಿದ್ದ ಒಂದೇ ಒಳ್ಳೆಯ ಕೋಣೆ, ಅತ್ತೆಯದಾಗಿತ್ತು. ಅವಳ ಊಟ ಮುಗಿಯದೆ ಅಪ್ಪ ಎಲೆ ಮಡಿಸುತ್ತಿರಲಿಲ್ಲ. ಒಮ್ಮೆ ಯಾವುದಕ್ಕೋ ಅವಳ ಮೇಲೆ ಕೂಗಾಡಿದ ಮಾರನೆಯ ದಿನ ಅಪ್ಪನ ದವಡೆ ಊದಿಕೊಂಡಿತು. ಹಲ್ಲು ಹುಳುಕಾಗಿತ್ತು, ಕಿತ್ತರು. ಆಮೇಲೆ ಅಪ್ಪ ಕೂಗಿದ್ದನ್ನು ನಾನು ಕೇಳಿಲ್ಲ. ಗಂಡ ಸತ್ತ ತಂಗಿಯರು ಅಣ್ಣಂದಿರ ಮನೆಯಲ್ಲಿ ಹೇಗಿರುತ್ತಾರೆಂದು ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ನೋಡಿದ್ದೆ. ನಮ್ಮತ್ತೆ ಹಾಗಿರಲಿಲ್ಲ.

ಶನಿವಾರ ಬಸ್ಸಿನಲ್ಲಿ ಊರಿಗೆ ಬಂದು ಬರೆದದ್ದನ್ನು ಅವಳಿಗೆ ಓದುತ್ತಿದ್ದೆ. ಮೊದಲ ಕಂತಿನಲ್ಲಿ ಒಬ್ಬ ಮಾಂತ್ರಿಕ ಬೆರಳೆತ್ತಿದ, ಶತ್ರುವಿನ ಕೋಟೆ ಹೊತ್ತಿ ಉರಿಯಿತು. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ಕೋಟೆ ಸುಡ್ತು ಸರಿ. ಅವ್ನಿಗೆಂಥ ಆತು?"

"ಅವ್ನಿಗೆಂಥ ಆಗ್ತದೆ? ಅವ್ನು ಮಂತ್ರ ಹಾಕ್ದೋನು."

"ಏನೂ ಆಗದಿದ್ರೆ ಅದೆಂಥ ಮಂತ್ರನಾ, ಬೀಡಿ ಹಚ್ಚಿದ ಹಂಗಾತು! ಬೆಂಕಿಪೊಟ್ಣ ಸಾಕಿತ್ತಲ್ಲ ನಿನ್ ಮಾಂತ್ರಿಕಂಗೆ."

ನಾನು ಅಳುಕಿ ಮತ್ತೆ ಬರೆದೆ. ವಾರವಾರವೂ ಅವಳು ತಪ್ಪು ಹಿಡಿದಳು, ನಾನು ತಿದ್ದಿದೆ. ಹೀಗೆ ಆ ರಾಜ್ಯಕ್ಕೆ ನಿಯಮಗಳು ಬಂದವು. ಅವಳಿಗೆ ಇದು ಸಂತೋಷದ ಕೆಲಸವಾಗಿತ್ತು ಎಂದು ಬರೆಯಲು ಹೊರಟೆ. ಆಗಿತ್ತೋ ಇಲ್ಲವೋ. ನನಗೆ ಹಾಗೆ ನೆನಪಿರುವುದು ನನಗೆ ಅನುಕೂಲ.

ಹತ್ತನೆಯ ಕಂತಿನಲ್ಲಿ ರಾಣಿಯ ಸೊಂಟಕ್ಕೆ ಉರಿಯ ಹಾವು ಸುತ್ತಿಕೊಂಡಿತು. ಮಾಟಗಾತಿ ಅದನ್ನು ಬಿಡಿಸಬೇಕು. ನಾನೇ ಒಂದು ಮಂತ್ರ ಕಟ್ಟಿದೆ. ಹ್ರಾಂ, ಹ್ರೀಂ, ಫಟ್. ಓದಿದರೆ ನಾಟಕ ಕಂಪನಿಯ ರಾಕ್ಷಸ ಕೆಮ್ಮಿದಂತಿತ್ತು. ಹರಿದು ಹಾಕಿದೆ, ಇನ್ನೊಂದು ಕಟ್ಟಿದೆ, ಅದೂ ಹಾಗೆಯೇ. ಅಚ್ಚಿನ ಮೊಳೆ ಜೋಡಿಸುವವನು ಖಾಲಿ ಚೌಕಟ್ಟಿನ ಮುಂದೆ ನಿಂತು, "ಮ್ಯಾಟರ್ ಎಲ್ಲಿ ಸ್ವಾಮಿ? ರಾಣಿ ಸತ್ಲು ಅಂತ ಜೋಡಿಸ್ಲಾ?" ಎಂದ.

ಆಗ ಅತ್ತೆಯ ಮಂತ್ರವನ್ನೇ ಬರೆದುಕೊಟ್ಟೆ. ಹನ್ನೊಂದು ಸಾಲು.

ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅವಳ ಕೋಣೆಗೂ ನಾನು ಓದಲು ಕೂರುತ್ತಿದ್ದ ಜಾಗಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಹತ್ತಾರು ವರ್ಷ ಬೆಳಗಿನ ಹೊತ್ತು ಅದರಾಚೆಯಿಂದ ಚೂರುಚೂರಾಗಿ ಕಿವಿಗೆ ಬಿದ್ದದ್ದು. ಒಂದು ದಿನ ಎರಡು ಪದ, ಇನ್ನೊಂದು ದಿನ ಒಂದು ಸಾಲಿನ ಕೊನೆ. ಕೂಡಿಸಿದವನು ನಾನು. ನಡುವೆ ಸಿಗದೆ ಹೋದದ್ದನ್ನು ಲಯ ನೋಡಿ ತುಂಬಿದೆನೋ ಏನೋ. ಯಾವುದು ಕೇಳಿದ್ದು, ಯಾವುದು ತುಂಬಿದ್ದು ಎಂದು ಬರೆದ ಹೊತ್ತಿಗೇ ನನಗೆ ಗೊತ್ತಿರಲಿಲ್ಲ. ಹೊರಗೆ ಹೇಳಿದರೆ ಮಂತ್ರ ಸಾಯುತ್ತದೆಂಬ ನಿಯಮ ನನಗೆ ತಿಳಿದಿತ್ತು. ನಾಲ್ಕನೆಯ ಕಂತಿನಲ್ಲಿ ನಾನೇ ಬರೆದಿದ್ದೆ. ನನ್ನ ರಾಜ್ಯದಲ್ಲಿ ಅದನ್ನು ನಂಬುತ್ತಿದ್ದೆ. ಹೊಸನಗರದಲ್ಲಿ ನಂಬುತ್ತಿರಲಿಲ್ಲ.

ಆ ಶನಿವಾರ ಊರಿಗೆ ಹೋಗಲಿಲ್ಲ. ಮುಂದಿನ ಶನಿವಾರ ಹೋದಾಗ ಜಗುಲಿಯಲ್ಲಿ ಹೆಂಗಸೊಬ್ಬಳು ಸೆರಗಿನಿಂದ ಸೊಂಟ ಒತ್ತಿಕೊಂಡು ನಿಂತಿದ್ದಳು. ಅತ್ತೆ ಬಾಗಿಲಲ್ಲಿ.

"ನಂಗೆ ಬರೂದಿಲ್ಲಮ್ಮ," ಎಂದಳು ಅತ್ತೆ.

"ಬರೂದಿಲ್ಲ ಅಂದ್ರೆ? ಹೋದ್ವರ್ಷ ನಮ್ ಮಾವಂಗೆ ತೆಗ್ದಿದ್ದು ನೀವೇ ಅಲ್ದಾ?"

"ಆಗ ಬರ್ತಿತ್ತು."

ಹೆಂಗಸು ನನ್ನ ಮುಖ ನೋಡಿದಳು, ಮತ್ತೆ ಅತ್ತೆಯ ಮುಖ ನೋಡಿದಳು, ಮೆಟ್ಟಿಲಿಳಿದು ಹೋದಳು. ಅತ್ತೆಯ ಹಾಸಿಗೆಯ ಮೇಲೆ ಪತ್ರಿಕೆ ಮಡಿಸಿಟ್ಟಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

"ಅತ್ತೆ, ನಾ ಬರ್ದಿದ್ದು ನಿಮ್ ಮಂತ್ರ ಅಲ್ಲ," ಎಂದೆ. "ಮೂರ್ನೇ ಸಾಲು ಪೂರಾ ನಾನೇ ಕಟ್ಟಿದ್ದು. ಏಳ್ನೇದೂ ಅಷ್ಟೇ. ತಪ್ಪೇ ಇದೆ, ನೋಡಿ ಬೇಕಾರೆ."

"ನೋಡಿ ಎಂಥ ಮಾಡ್ಲಿ?"

"ತಪ್ಪಿದ್ರೆ ಮಂತ್ರ ಸತ್ತ ಹಂಗಲ್ಲ. ತಪ್ಪು ಹೌದೋ ಅಲ್ವೋ, ಅಷ್ಟು ಹೇಳಿ."

ಅವಳು ನಕ್ಕಳು. ಕಂತುಗಳಲ್ಲಿ ತಪ್ಪು ಸಿಕ್ಕಾಗ ನಗುತ್ತಿದ್ದ ಹಾಗೆಯೇ.

"ಮೂರ್ನೇ ಸಾಲು ತಪ್ಪು ಅಂದ್ರೆ ಉಳಿದ ಹತ್ತು ಸರಿ ಅಂತ ಹೇಳಿದ ಹಂಗೇ ಅಲ್ದಾ? ಯಾವ್ದೂ ತಪ್ಪಿಲ್ಲ ಅಂದ್ರೆ ಎಲ್ಲಾ ಸರಿ ಅಂದ ಹಂಗೆ. ಎಂಥ ಹೇಳಿದ್ರೂ ನಾನೇ ಹೇಳಿದ ಹಂಗೆ. ಓದ್ದೋನು, ನಿಂಗೆ ಇಷ್ಟೂ ಹೊಳೀಲಿಲ್ವನಾ?"

ಅಷ್ಟೇ. ಅವಳ ಮಂತ್ರವನ್ನು ನಾನು ಕೊಂದೆನೋ, ಅದರ ಹೆಸರಿನಲ್ಲಿ ಬೇರೇನನ್ನೋ ಅಚ್ಚು ಹಾಕಿಸಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ. ಅವಳಿಗೂ ಪೂರ್ತಿ ಗೊತ್ತಿತ್ತೆಂದು ಹೇಗೆ ಹೇಳಲಿ? ಅಚ್ಚಾದ ಹನ್ನೊಂದು ಸಾಲನ್ನು ಓದಿದ ಮೇಲೆ ಅವಳ ಮನಸ್ಸಿನಲ್ಲಿದ್ದ ಹನ್ನೊಂದು ಸಾಲು ಮೊದಲಿನ ಹಾಗೆಯೇ ಉಳಿದಿತ್ತೆ?

ಎರಡು ತಿಂಗಳ ಮೇಲೆ ಪತ್ರಿಕೆಗೆ ಒಂದು ಕಾಗದ ಬಂತು. ಮಾಸ್ತಿಕಟ್ಟೆಯ ಕಡೆ ಕೆಲಸಕ್ಕಿದ್ದ ಒಬ್ಬಾತ ಬರೆದಿದ್ದ. ಸರ್ಪಸುತ್ತಾಗಿತ್ತು, ಧಾರಾವಾಹಿಯ ಮಂತ್ರವನ್ನು ಕತ್ತರಿಸಿಟ್ಟುಕೊಂಡು ಹೆಂಡತಿಯಿಂದ ಓದಿಸಿದೆ, ಕೆಮ್ಮಣ್ಣು ಹಚ್ಚಿಸಿಕೊಂಡೆ, ಮೂರು ವಾರಕ್ಕೆ ಪೂರ್ತಿ ಗುಣವಾಯಿತು, ಲೇಖಕರಿಗೆ ವಂದನೆಗಳು. ಮಾಲೀಕರು ಹಿಗ್ಗಿ ಅದನ್ನು ಎರಡನೆಯ ಪುಟದಲ್ಲಿ ಹಾಕಿದರು. ಬೇಡ ಎನ್ನಬಹುದಿತ್ತು. ಕರಡು ತಿದ್ದಿದ್ದು ನಾನೇ. ಒಂದು ಅಲ್ಪವಿರಾಮ ಸೇರಿಸಿದ್ದು ನೆನಪಿದೆ.

ಅತ್ತೆ ಅದನ್ನೂ ಓದಿದಳು. "ಹಂಗಾರೆ ಸರಿಯಾಗೇ ಬರ್ದೀಯ," ಎಂದಳು. ಹೊಗಳಿದ ಹಾಗಿತ್ತು.

ನಾನು ಸಾಗರದಲ್ಲಿ ಒಬ್ಬ ಡಾಕ್ಟರನ್ನು ಕೇಳಿದೆ. ಸರ್ಪಸುತ್ತು ಹೆಚ್ಚಿನವರಲ್ಲಿ ಮೂರ್ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ, ಮಣ್ಣು ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದರು. ಬಸ್ಸಿನುದ್ದಕ್ಕೂ ಈ ಮಾತು ಬಾಯಲ್ಲಿಟ್ಟುಕೊಂಡು ಬಂದೆ. ಇದನ್ನು ಹೇಳಿದರೆ ಆ ಕಾಗದ ಏನನ್ನೂ ಸಾಬೀತು ಮಾಡುವುದಿಲ್ಲ, ನಾನು ಬರೆದದ್ದು ತಪ್ಪೇ ಇರಬಹುದು, ಅವಳ ಮಂತ್ರ ಉಳಿದಿರಬಹುದು. ಆದರೆ ಇದನ್ನೇ ಹೇಳಿದರೆ ಅವಳ ಮೂವತ್ತು ವರ್ಷವೂ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದೋ ಮಂತ್ರ ಸತ್ತಿದೆ ಎನ್ನಬೇಕು, ಇಲ್ಲವೇ ಅದು ಹುಟ್ಟಿಯೇ ಇರಲಿಲ್ಲ ಎನ್ನಬೇಕು. ಸುಮ್ಮನಿರುವುದು ಮೂರನೆಯ ದಾರಿ. ನಾನು ಸುಮ್ಮನಿರುವ ಜಾತಿಯವನಲ್ಲ. ಹೇಳಿದೆ.

ಅತ್ತೆ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ತನ್ನಷ್ಟಕ್ಕೇ ಒಣಗ್ತದೆ ಅಂತ ನಂಗೊತ್ತಿಲ್ಲ ಅಂದ್ಕಂಡ್ಯಾ? ಮೂವತ್ ವರ್ಷ ನೋಡೀನಿ. ನನ್ ಹತ್ರ ಬರದೇ ಇದ್ದೋರದ್ದೂ ಒಣಗಿದ್ದು ನೋಡೀನಿ."

"ಮತ್ತೆ?"

"ಮತ್ತೆಂಥ? ನಿನ್ನಪ್ಪಂಗೆ ಗೊತ್ತಿರ್ಲಿಲ್ಲ. ಅಷ್ಟೇ ಸಾಕಾಗಿತ್ತು ನಂಗೆ."

ಹಾಗಾದರೆ ಗ್ರಹಣದಲ್ಲಿ ತಣ್ಣೀರಿಗಿಳಿದು ನಡುಗುತ್ತ ನಿಲ್ಲುತ್ತಿದ್ದದ್ದು ಯಾಕೆ, ಅದನ್ನು ನೋಡಲು ಅಪ್ಪ ಅಲ್ಲಿರುತ್ತಿರಲಿಲ್ಲವಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಆ ಕ್ಷಣ ಹೊಳೆದದ್ದು ಬೇರೆ: ಇದು ಎಂಥ ಮಾತು, ಇದನ್ನು ಮಾಟಗಾತಿ ಹೇಳಿದರೆ ಹೇಗಿರುತ್ತದೆ.

ಹೇಳಿಸಿದೆ. ಇಪ್ಪತ್ತೆರಡನೆಯ ಕಂತು. ಅರಮನೆಯ ಮೂಲೆಯ ಕೋಣೆಯಲ್ಲಿ ಕುಳಿತು ಮಾಟಗಾತಿ ತನ್ನ ಶಿಷ್ಯನಿಗೆ ಹೇಳುತ್ತಾಳೆ: ನನ್ನ ಮಂತ್ರಕ್ಕೆ ಬಲವಿಲ್ಲವೆಂದು ನನಗೆ ಗೊತ್ತಿತ್ತು, ಅರಸನಿಗೆ ಗೊತ್ತಿರಲಿಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಇಡೀ ಧಾರಾವಾಹಿಯಲ್ಲಿ ಓದುಗರು ಅತಿ ಹೆಚ್ಚು ಮೆಚ್ಚಿದ್ದು ಆ ಕಂತನ್ನು.

ಅಪ್ಪನೂ ಪತ್ರಿಕೆ ಓದುತ್ತಿದ್ದರು. ಆ ಭಾನುವಾರ ಊಟದ ಮೇಲೆ ಕನ್ನಡಕ ಹಾಕಿಕೊಂಡು ಕೊನೆಯ ಪುಟ ತೆರೆದರು, ಓದಿ ಮುಗಿಸಿ ಮಡಿಸಿದರು, ಜಗುಲಿಯ ಪಕ್ಕದ ಕೋಣೆಯ ಬಾಗಿಲನ್ನು ಬಹಳ ಹೊತ್ತು ನೋಡಿದರು. ತಿಂಗಳೊಳಗೆ, "ದೊಡ್ಡವನ ಮದುವೆ ಬಂತು, ಆ ಕೋಣೆ ಬೇಕಾಗ್ತದೆ. ಅವ್ಳು ತೀರ್ಥಹಳ್ಳಿಗೆ ಹೋಗ್ಲಿ, ಗಂಡನ ಕಡೆಯೋರು ಇದಾರಲ್ಲ," ಎಂದರು. ಅತ್ತೆಯ ಎದುರಿಗೇ ಹೇಳಿದರು, ಸಾಕಷ್ಟು ಗಟ್ಟಿಯಾಗಿ. ಅತ್ತೆ ತುಟಿ ಅಲ್ಲಾಡಿಸಲಿಲ್ಲ.

ಕೊನೆಯ ಪುಟ, ಕನ್ನಡಕ, ಬಾಗಿಲು ನೋಡಿದ್ದು: ಇದನ್ನು ನಾನು ನಿಜವಾಗಿ ಕಂಡೆನೆ? ಅಮ್ಮ ಬದುಕಿರುವವರೆಗೂ ಬೇರೆಯೇ ಹೇಳುತ್ತಿದ್ದಳು. ಅಪ್ಪ ನನ್ನ ಧಾರಾವಾಹಿಯ ಒಂದು ಸಾಲನ್ನೂ ಓದಿದವರಲ್ಲ, ಅಣ್ಣನ ಮದುವೆ ಮೊದಲೇ ಗೊತ್ತಾಗಿತ್ತು, ಕೋಣೆಯ ಮಾತು ಆ ಕಂತಿಗಿಂತ ಎಷ್ಟೋ ಮೊದಲು, ದೀಪಾವಳಿಗೂ ಮುಂಚಿನದು ಎಂದು. ಅಮ್ಮನ ಮಾತು ನಿಜವಿದ್ದೀತು. ನನಗೆ ನನ್ನದೇ ಬೇಕು. ನಾನು ಬರೆದ ಎರಡು ಸಾಲಿನಿಂದ ಒಬ್ಬ ಹೆಂಗಸು ಮನೆ ಬಿಟ್ಟಳು ಎಂದುಕೊಂಡರೆ ನೋವಾಗುತ್ತದೆ, ಜೊತೆಗೆ ನನ್ನ ಅಕ್ಷರಕ್ಕೆ ಅಷ್ಟು ಬಲವಿತ್ತು ಎಂದೂ ಆಗುತ್ತದೆ. ಅಮ್ಮನ ಪ್ರಕಾರ ನನ್ನಿಂದ ಏನೂ ಆಗಲಿಲ್ಲ. ಅದನ್ನು ಸಹಿಸುವುದು ಹೆಚ್ಚು ಕಷ್ಟ.

ಎರಡು ವರ್ಷ ಕಳೆದು ತೀರ್ಥಹಳ್ಳಿಗೆ ಹೋದೆ. ಅವಳ ಮೈದುನನ ಮನೆ. ಅತ್ತೆ ಒರಳಿನ ಮುಂದೆ ಕುಳಿತು ದೋಸೆಗೆ ರುಬ್ಬುತ್ತಿದ್ದಳು. ಒಳಗಿನಿಂದ ಯಾರೋ, "ಆತಾ ಇಲ್ವಾ ಇನ್ನೂ?" ಎಂದು ಎರಡು ಸಲ ಕೂಗಿದರು. ಆ ಕೂಗಿಗೆ ಅವಳ ಕೈ ಚುರುಕಾದದ್ದನ್ನು ನೋಡಿದೆ. ನಾನು ಮೆಟ್ಟಿಲ ಮೇಲೆ ಕುಳಿತೆ.

"ನಿನ್ ಕತೆ ಮುಗೀತನಾ?" ಎಂದಳು.

"ಮುಗೀತು ಅತ್ತೆ. ಪತ್ರಿಕೆಯೂ ನಿಂತೋತು."

"ಮಾಟಗಾತಿ ಎಂಥ ಆದ್ಲು ಕಡೀಗೆ?"

"ಗೆದ್ಲು," ಎಂದೆ. "ಅರಸಂಗೆ ಬುದ್ಧಿ ಬಂತು. ಕೋಣೆ ಅವ್ಳಿಗೇ ಬಿಟ್ಟುಕೊಟ್ಟ."

ಅವಳು ಗುಂಡುಕಲ್ಲು ನಿಲ್ಲಿಸಿ ಅಂಚಿನ ಹಿಟ್ಟನ್ನು ಬೆರಳಿನಿಂದ ಒಳಕ್ಕೆ ಬಳಿದಳು.

"ಸುಳ್ಳು. ಇಲ್ಲಿಗೂ ಬರ್ತಿತ್ತು ನಿಮ್ ಪತ್ರಿಕೆ. ಅಂಗಡಿಯಿಂದ ಬೆಲ್ಲ ಕಟ್ಕಂಡ್ ಬಂದಾಗೆಲ್ಲ ಬಿಡಿಸಿ ಓದೀನಿ. ಇಪ್ಪತ್ತೆರಡ್ನೇದ್ರ ಮೇಲೆ ಅವ್ಳು ಎಲ್ಲೂ ಇಲ್ಲ. ಅರಸ ಯುದ್ಧಕ್ಕೆ ಹೋದ, ಬಂದ, ಮಗ ಹುಟ್ದ. ಅವ್ಳನ್ನ ಕೋಣೇಲಿ ಕೂರಿಸಿದೋನು ಮರ್ತೇ ಬಿಟ್ಟೆ ನೀನು."

ನಿಜ. ನಾನು ಮರೆತಿದ್ದೆ.