ಈಳಿಗೆಯೂ ನನ್ನ ನೆಗೆಣ್ಣಿಯ ಕಾಲೂ

ನನ್ನ ನೆಗೆಣ್ಣಿಯನ್ನು ಕೊಂದದ್ದು ಮಾಟವಲ್ಲ, ಲಕ್ವವೂ ಅಲ್ಲ. ಹಸಿ ಕೋಳಿ ಕೊಯ್ದ ಈಳಿಗೆ. ಯಾರು ಏನೇ ಹೇಳಲಿ, ನನ್ನ ಮಾತು ಅಷ್ಟೇ.

ಅವಳ ಬಲಗಾಲು ಸುಮ್ಮನಿದ್ದದ್ದೇ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಮಷೀನು ತುಳಿದ ಕಾಲು. ಊಟಕ್ಕೆ ಕೂತರೂ ಟೀವಿ ಮುಂದೆ ಕೂತರೂ ಹೆಬ್ಬೆರಳು ನೆಲವನ್ನು ಒತ್ತುತ್ತಲೇ ಇರುತ್ತಿತ್ತು.

"ಮನ್ಯಾಗೂ ಪ್ಯಾಂಟು ಹೊಲಿಯಾಕತ್ತಿಯೇನಬೇ?" ಎಂದರೆ, "ಇಲ್ಲ ಯಕ್ಕಾ, ನಿನ್ನ ಬಾಯಿ ಹೊಲಿಯಾಕತ್ತೀನಿ" ಅನ್ನುವಳು.

ಇನ್ನೊಂದು ಚಟವಿತ್ತು: ಏನು ಹೆಚ್ಚಿದರೂ ಹೆಚ್ಚುತ್ತಲೇ ಬಾಯಿಗೆ ಹಾಕಿಕೊಳ್ಳುವುದು. ಸಿರುಗುಪ್ಪದ ಮನೆಗೆ ನಾವಿಬ್ಬರೂ ಸೊಸೆಯರಾಗಿ ಬಂದಾಗ ಖಂಡ ಕೊಯ್ಯುವ ಈಳಿಗೆ ಬೇರೆ, ಕಾಯಿಪಲ್ಲೆಯದು ಬೇರೆ. ಖಂಡದ್ದು ಹಿತ್ತಲು ದಾಟಿ ಒಳಗೆ ಬರುವಂತಿರಲಿಲ್ಲ. ಅತ್ತೆ ಅದಕ್ಕೆ ಮಡಿ ಅನ್ನುತ್ತಿದ್ದರು. ನನ್ನ ಗಂಡ ಸತ್ತ ಮೇಲೆ ನಾನೂ ಬಳ್ಳಾರಿಗೆ ಬಂದು ಇವಳ ಮನೆಯಲ್ಲೇ ಉಳಿದೆ. ಆ ಬಾಡಿಗೆ ಮನೆಗೆ ಹಿತ್ತಲಿಲ್ಲ. ಈಳಿಗೆಯೂ ಒಂದೇ ಆಯಿತು.

"ಅತ್ತಿ ಹೋದಳು, ಮಡೀನೂ ಹೊತಗೊಂಡು ಹೋದಳು" ಎಂದು ನಕ್ಕಿದ್ದಳು.

ಒಂದು ಭಾನುವಾರ ಕೋಳಿ ಕೊಯ್ದು, ಅದೇ ಈಳಿಗೆಯನ್ನು ಬಟ್ಟೆಯಲ್ಲಿ ಒರೆಸಿ, ಸೌತೆಕಾಯಿ ಹೆಚ್ಚಲು ಕೂತಳು. ಸೌತೆಕಾಯಿ ನಮ್ಮ ತಟ್ಟೆಗೆ ಬರುವಷ್ಟು ಉಳಿಯಲೇ ಇಲ್ಲ. ಕೋಳಿ ಸಾರು ಚೆನ್ನಾಗಿ ಕುದ್ದಿತ್ತು, ಎಲ್ಲರೂ ಉಂಡೆವು. ನಮಗೇನೂ ಆಗಲಿಲ್ಲ. ಅವಳಿಗೆ ಮಾತ್ರ ಜ್ವರ, ಭೇದಿ. ವಾಸಿಯಾಯಿತು, ಮರೆತೆವು. ಕೆಲವು ದಿನ ಕಳೆದ ಮೇಲೆ ಪಾದ ಜುಮುಜುಮು ಅಂದವು. ಆಮೇಲೆ ಮಷೀನು ತುಳಿಯಲಾಗಲಿಲ್ಲ. ಆಮೇಲೆ ಏಳಲೂ ಆಗಲಿಲ್ಲ. ಹೆಬ್ಬೆರಳು ನಿಂತಿತು.

ಅವಳ ಗಂಡ, ನನ್ನ ಮೈದುನ, "ಲಕ್ವ ಹೊಡದೈತಿ" ಎಂದು ಕುರುಗೋಡಿನಲ್ಲಿ ಔಷಧಿ ಕೊಡುವ ಮುದುಕನ ಹತ್ತಿರ ಆಟೋದಲ್ಲಿ ಒಯ್ದ. ನಾನೂ ಹೋದೆ.

"ಲಕ್ವ ಅಂದ್ರ ಅರ್ಧ ಮೈ ಹಿಡೀತೈತಿ. ಇದು ಎರಡೂ ಕಾಲು ಹಿಡದೈತಲ್ಲೋ" ಎಂದೆ. ಯಾರು ಕೇಳುತ್ತಾರೆ? ಎಣ್ಣೆ ತಿಕ್ಕಿದರು. ತಿಕ್ಕುತ್ತಿರುವಾಗಲೇ ಕೈಯೂ ಬಿದ್ದವು, ಉಸಿರು ಗಿಡ್ಡವಾಯಿತು. ಅದೇ ಆಟೋದಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಓಡಿದೆವು.

ಗಂಟಲಿಗೆ ಪೈಪು ಇಳಿಸಿದರು. ಡಾಕ್ಟರಮ್ಮ ಹೇಳಿದ್ದು ಇದು: "ಹೊಟ್ಟೆಗೆ ಕೆಟ್ಟ ರೋಗಾಣು ಹೋಗಿರಬೇಕು ಅಜ್ಜಿ. ಅದನ್ನ ಹೊಡೆಯೋಕೆ ಎದ್ದ ಮೈಯ ಕಾವಲು ಗುರುತು ತಪ್ಪಿ ತನ್ನ ನರಗಳನ್ನೇ ಹೊಡೀತಿದೆ. ಬುದ್ಧಿ ಸರಿಯಾಗಿದೆ. ತುಂಬಾ ಜನ ನಿಧಾನಕ್ಕೆ ಚೇತರಿಸಿಕೊಳ್ತಾರೆ."

ಮೈದುನನ ತಲೆಗೆ ಇದು ಹೋಗಲಿಲ್ಲ. ಹಾಸಿಗೆಯ ಪಕ್ಕದಲ್ಲೇ ನಿಂತು ಅಂದ: "ಆಕಿ ಹೋದಂಗೇ ಅತ್ತಿಗಿ. ಪೈಪು ತಗಸಿ ಸಿರುಗುಪ್ಪಕ್ಕ ಒಯ್ಯೋಣು. ಮನ್ಯಾಗ ಸಾಯಲಿ."

ನಾನು ಅವಳ ಮುಖದ ಮೇಲೆ ಬಗ್ಗಿದೆ. "ಲೇ, ಕೇಳಸ್ತೈತೇನು? ಕೇಳಿಸಿದ್ರ ಕಣ್ಣು ಮುಚ್ಚು."

ಮುಚ್ಚಿದಳು.

"ಊರಿಗೆ ಒಯ್ಯಬೇಕೇನು? ಬೇಕಂದ್ರ ಮುಚ್ಚು."

ಕಣ್ಣು ತೆರೆದೇ ಇಟ್ಟಳು. ನೀರು ತುಂಬಿತು, ರೆಪ್ಪೆ ನಡುಗಿತು. ಮುಚ್ಚಲಿಲ್ಲ. ಮೈದುನ ಗೋಡೆಗೆ ಮುಖ ಮಾಡಿ ಅತ್ತ. ಊರಿನ ಮಾತು ಮತ್ತೆ ಎತ್ತಲಿಲ್ಲ.

"ಅವತ್ತು ಸೌತಿಕಾಯಿ ಹೆಚ್ಚಿಕೋತ ತಿಂದಿ, ಹೌದಿಲ್ಲೋ?" ಎಂದು ಕೇಳಿದೆ. ಗಟ್ಟಿಯಾಗಿ ಮುಚ್ಚಿದಳು. ನಕ್ಕಳೋ ನಾಚಿದಳೋ, ಆ ಮುಖದಲ್ಲಿ ತಿಳಿಯುವಂತಿರಲಿಲ್ಲ.

ಓಣಿಗೆಲ್ಲ ಉತ್ತರ ಕೊಡುತ್ತಿದ್ದ ಹೆಂಗಸು ತನ್ನ ಮೈಯೊಳಗೇ ಸಿಕ್ಕಿಬಿದ್ದಿದ್ದಳು. ಮೂಗಿನ ಮೇಲೆ ನೊಣ ಕೂತರೆ ಅದನ್ನು ನೋಡುತ್ತಾ ಇರಬೇಕು. ನಾನು ಹೋಗಿ ಓಡಿಸುವವರೆಗೂ. ಮುಂದೆ ಭುಜ ತುಸು ಅಲುಗಿತು. ಕಾಲಿಗೆ ಶಕ್ತಿ ಕೊನೆಗೆ ಬರುತ್ತದೆ ಎಂದರು ಡಾಕ್ಟರಮ್ಮ. ಕಾಲಿನ ಸರದಿ ಬರುವ ಮೊದಲೇ ಶ್ವಾಸಕೋಶಕ್ಕೆ ಸೋಂಕು ತಗಲಿ ಹೋದಳು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಒಲೆ ಹಚ್ಚಿದೆ. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, "ಸೂತಕದ ಮನ್ಯಾಗ ಒಲಿ ಹಚ್ತಾರೇನಬೇ?" ಎಂದಳು.

"ನಾ ಹಚ್ತೀನಿ" ಎಂದೆ.

ನೀರು ಕಳಕಳ ಕುದಿಸಿ ಈಳಿಗೆಯ ಮೇಲೆ ಸುರಿದೆ. ಸೋಪು ಹಚ್ಚಿ ತಿಕ್ಕಿದೆ. ಇನ್ನು ಮೇಲೆ ಇದು ಖಂಡಕ್ಕೆ ಎಂದು ಬಾಗಿಲ ಹೊರಗೆ ಇಟ್ಟೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಕಾಯಿಪಲ್ಲೆಗೆ ಇನ್ನೊಂದು ಈಳಿಗೆ ತರಲು ಪೇಟೆಗೆ ಹೋದೆ.