ತಳೇಗಾಂವದಲ್ಲಿ ದೋಣಿಯ ತಾಲೀಮು

ಮದುವೆಯಾದಂದಿನಿಂದ ಪಂಕಜಾಕ್ಷಿಯೂ ಕಾಂತಪ್ಪನೂ ಒಟ್ಟಿಗೆ ಒಂದೇ ಒಂದು ಪ್ರವಾಸಕ್ಕೂ ಹೋದವರಲ್ಲ. ತಳೇಗಾಂವದ ಕಾರ್ಖಾನೆಗಳ ಎದುರಿನ ಅವರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಮನೆಯವರೊಬ್ಬರು ಕೂರಲೇಬೇಕು, ಹಗಲಿನಲ್ಲಿ ಶಟರ್ ಪೂರ್ತಿ ಇಳಿಯಬಾರದು ಎಂಬುದು ಕಾಂತಪ್ಪನ ತಂದೆಯ ಕಾಲದ ಕಟ್ಟಳೆ. ಉಡುಪಿ ಕಡೆಯ ತಮ್ಮೂರಿಗೂ ಒಬ್ಬರು ಹೊರಟರೆ ಇನ್ನೊಬ್ಬರು ಉಳಿಯುವುದು. ಹೊರಟ ಬಸ್ಸಿಗೆ ಕೈಬೀಸುವಲ್ಲಿಗೆ ಅವರ ಜಂಟಿ ಪ್ರವಾಸ ಮುಗಿಯುತ್ತಿತ್ತು.

ಈಗ ಮಗಳು ಯಶ್ಮಿತಾ ಅಪ್ಪ-ಅಮ್ಮನಿಗಾಗಿ ಕಾರವಾರದ ಕೊಲ್ಲಿಯಲ್ಲಿ ದೋಣಿವಿಹಾರವೊಂದನ್ನು ಗೊತ್ತುಮಾಡಲು ಹೊರಟಿದ್ದಳು. ದ್ವೀಪಗಳ ನಡುವೆ ಇಂಜಿನ್ ನಿಲ್ಲಿಸುತ್ತಾರೆ, ಫೋನಿಲ್ಲ, ಮಾತಿಲ್ಲ, ನೀರಿಗೆ, ಗಾಳಿಗೆ ಮನಸ್ಸು ಕೊಟ್ಟು ಕೂರುವುದಷ್ಟೇ.

“ಸುಮ್ಮನೆ ಕೂರ್ಲಿಕ್ಕೆ ಕಾರವಾರದವರೆಗೆ ಹೋಗ್ಬೇಕಾ ಮಾರಾಯ್ತಿ?” ಎಂದ ಕಾಂತಪ್ಪ.

“ಇಲ್ಲಿ ನೀವು ಸುಮ್ಮನೆ ಕೂತದ್ದುಂಟಾ? ನಿದ್ದೆಯಲ್ಲೂ ‘ಎರಡು ಇಡ್ಲಿ, ಒಂದು ವಡೆ’ ಅಂತ ಕೂಗ್ತೀರಿ!” ಪಂಕಜಾಕ್ಷಿ ಕುಟುಕಿದಳು.

“ಹಾಗಾದ್ರೆ ಇಲ್ಲೇ ಒಮ್ಮೆ ತಾಲೀಮು ಮಾಡುವ,” ಯಶ್ಮಿತಾ ನಕ್ಕಳು. “ಅಪ್ಪನಿಗೆ ಕೂರ್ಲಿಕ್ಕೆ ಆಗದಿದ್ರೆ ಟಿಕೆಟ್ ಬೇಡ.”

ಟಿಕೆಟ್ ಕೈತಪ್ಪಿತೆಂದೇ ಪಂಕಜಾಕ್ಷಿಗೆ ಅನ್ನಿಸಿತು. ಗಂಡನ ನಾಲಿಗೆಯನ್ನು ಅವಳು ಬಲ್ಲಳು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಶಟರನ್ನು ಅರ್ಧ ಎಳೆದು, ಮೂವರೂ ಬೆಂಚುಗಳನ್ನು ದೋಣಿಯಂತೆ ಜೋಡಿಸಿ ಕುಳಿತರು. ಒಳಗೆ ಗ್ರೈಂಡರ್‌ನಲ್ಲಿ ಅಕ್ಕಿ ನುಣ್ಣಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಅದರ ಗುರುಗುರು ಸದ್ದು ದೂರದ ಅಲೆಗಳಂತೆಯೇ ಕೇಳುತ್ತಿತ್ತು. ಪಂಕಜಾಕ್ಷಿ ಒಂದು ಕಣ್ಣನ್ನು ಮಾತ್ರ ಮುಚ್ಚಿದ್ದಳು. ಮತ್ತೊಂದರ ಕಾವಲು ಗಂಡನ ಮೇಲಿತ್ತು. ಅವನ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕಿ ಹಾಕಿ, ಕೊನೆಗೆ ದಣಿದು ನಿಂತವು.

ಅಷ್ಟರಲ್ಲಿ ಶಟರಿನ ಕೆಳಗಿನಿಂದ ಖಾಯಂ ಗಿರಾಕಿಯೊಬ್ಬ ತಲೆ ತೂರಿಸಿದ. “ಅಣ್ಣಾ, ಚಹಾ ಮಿಳೇಲ ಕಾ?” ಚಹಾ ಸಿಕ್ಕೀತೇ ಎಂದು ಮರಾಠಿಯಲ್ಲಿ ಕೇಳಿದ.

ಕಾಂತಪ್ಪನ ಬಾಯಿ ತೆರೆಯಿತು. ಅವನು ಎದ್ದೇಬಿಟ್ಟ. ಹೋಯಿತು ಕಾರವಾರ, ಎಂದುಕೊಂಡಳು ಪಂಕಜಾಕ್ಷಿ.

ತೆರೆದ ಬಾಯಿಯನ್ನು ಅವನು ಹಾಗೆಯೇ ಮುಚ್ಚಿದ. ಗಿರಾಕಿಗೆ ಕೈಮುಗಿದು, ಶಟರನ್ನು ನೆಲ ಮುಟ್ಟುವವರೆಗೂ ಎಳೆದ. ಹಾಡಹಗಲಲ್ಲಿ ಹೋಟೆಲಿನೊಳಗೆ ಕತ್ತಲಾಯಿತು. ತಡವರಿಸುತ್ತ ಬಂದು ಹೆಂಡತಿಗೆ ಒತ್ತಿಕೊಂಡು ಕುಳಿತ. ಅವಳು ತಡೆಯಲಾಗದೆ ಕಿಸಕ್ಕನೆ ನಕ್ಕಳು; ನಗು ನಿಲ್ಲಲೇ ಇಲ್ಲ.

ಟಿಕೆಟ್ ಕಾದಿರಿಸಲೆಂದು ಯಶ್ಮಿತಾ ಫೋನ್ ಬೆಳಗಿಸಿದಳು.

“ಅದನ್ನು ಒಳಗಿಡು ಮಾರಾಯ್ತಿ,” ಕತ್ತಲಲ್ಲಿ ಕಾಂತಪ್ಪ ಪಿಸುಗುಟ್ಟಿದ. “ದೋಣಿ ಹೊರಟಾಯ್ತು.”