ಬಂದವರಿಗೆಲ್ಲ ತಿಂಡಿ ಇದೆ

ನಮ್ಮ ಅಡುಗೆಮನೆಯಲ್ಲಿ ಒಂದು ಹಿತ್ತಾಳೆಯ ಪಾತ್ರೆಯಿದೆ, ಅದರ ಮುಚ್ಚಳ ಅದರದಲ್ಲ. ಪಾತ್ರೆಯ ಕಂಠದ ಸುತ್ತ ಮಾಟುಂಗಾದ ನಮ್ಮ ಸಂಘದ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೆತ್ತಿದೆ. ಮುಚ್ಚಳದ ಮೇಲಿರುವುದು ಕುರ್ಲಾದ ಮಂಡಳಿಯ ಹೆಸರು. ಮುಚ್ಚಳ ಬಾಯಿಗಿಂತ ಅರ್ಧ ಬೆರಳು ಅಗಲವಾದ್ದರಿಂದ ಒಳಗೆ ಏನು ಕುದಿದರೂ ಅದು ಕುಣಿಯುತ್ತದೆ, ಕಟಕಟ ಎನ್ನುತ್ತದೆ, ನಮ್ಮ ಮನೆಯ ಅಡುಗೆಯ ಸುದ್ದಿಯನ್ನು ಪಕ್ಕದ ಬ್ಲಾಕಿನವರಿಗೂ ಮುಟ್ಟಿಸುತ್ತದೆ. ಸರಿಯಾದ ಮುಚ್ಚಳ ತರಬಾರದೇ ಎಂದು ನೀವು ಕೇಳುವಿರಿ. ನನ್ನ ಹೆಂಡತಿ ಮದುವೆಯಾದಾಗಿನಿಂದ ಅದನ್ನೇ ಕೇಳುತ್ತಿದ್ದಾಳೆ. ಉತ್ತರ ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು, ಹೋಗುವ ಮೊದಲು ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ನೆನಪು ಇಸ್ತ್ರಿಯವನ ಹಾಗೆ: ಬಟ್ಟೆ ನಮ್ಮದೇ, ಮಡಿಕೆ ಮಾತ್ರ ಅವನದು. ಅವನು ಅಳಿಸಿದ ಸುಕ್ಕುಗಳು ಕೈಗೆ ತಾಗಿದಲ್ಲೆಲ್ಲ ಹೇಳುತ್ತ ಹೋಗುತ್ತೇನೆ.

ಕನ್ನಡದ ಸೀಮೆಗಳೆಲ್ಲ ಸೇರಿ ಒಂದು ರಾಜ್ಯವಾಗಿ ಆಗಿನ್ನೂ ಎರಡು ಮೂರು ತಿಂಗಳಾಗಿತ್ತು. ಅಲ್ಲಿ ಒಂದಾದದ್ದು ಮುಂಬಯಿಯಲ್ಲಿ ಒಂದಾಗಿರಲಿಲ್ಲ. ಕುರ್ಲಾದ ಚಾಳುಗಳಲ್ಲಿ ಧಾರವಾಡ, ವಿಜಾಪುರದ ಕಡೆಯವರು. ಮಾಟುಂಗಾದಲ್ಲಿ ಕರಾವಳಿಯವರು, ಅವರ ನಡುವೆ ನನ್ನಂಥ ಮೈಸೂರಿನ ಕೆಲವು ಗುಮಾಸ್ತರು. ಎರಡೂ ಕಡೆಯವರಿಗೆ ಒಂದೇ ಹಂಬಲ, ನಮ್ಮ ಮಕ್ಕಳು ಮೆಟ್ರಿಕ್ಕಿಗೆ ನಿಲ್ಲದೆ ಕಾಲೇಜನ್ನೂ ದಾಟಬೇಕು ಎಂದು. ಕುರ್ಲಾದ ಮಂಡಳಿಯಲ್ಲಿ ಕಪಾಟು ತುಂಬ ಪಠ್ಯಪುಸ್ತಕಗಳಿದ್ದವು, ಕಲಿಸುವವರಿರಲಿಲ್ಲ. ನಮ್ಮ ಸಂಘದಲ್ಲಿ ಕಲಿಸಬಲ್ಲವರು ಬೇಕಾದಷ್ಟಿದ್ದರು, ಅವರ ಮುಂದೆ ಬಂದು ಕೂರುವವರಿರಲಿಲ್ಲ. ಲೋಕಲ್ಲಿನಲ್ಲಿ ಹೋದರೆ ಇಬ್ಬರ ನಡುವೆ ಇದ್ದದ್ದು ಒಂದೇ ಸ್ಟೇಷನ್, ಸಾಯನ್. ಮರಾಠಿಯವರು ಅದನ್ನು ಶೀವ್ ಎನ್ನುತ್ತಾರೆ, ಗಡಿ ಎಂದರ್ಥ. ರೈಲು ಆ ಗಡಿಯನ್ನು ನಿಮಿಷಗಳಲ್ಲಿ ದಾಟುತ್ತಿತ್ತು. ನಮಗೆ ವರ್ಷಗಳೇ ಹಿಡಿದವು.

ದಾಟಿಸಿದವಳು ಶಾಂತಾ. ಕುರ್ಲಾದ ಚಾಳಿನವಳು, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬರ ಹಿರಿಯ ಮಗಳು, ಇಂಟರ್ ಸೈನ್ಸಿನಲ್ಲಿದ್ದಳು. ಮಂಡಳಿಯ ಕಪಾಟಿನಲ್ಲಿದ್ದ ಗಣಿತದ ಪುಸ್ತಕಗಳನ್ನೆಲ್ಲ ತಿರುವಿಹಾಕಿಯೂ ಆರು ತಿಂಗಳ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ನೂರಕ್ಕೆ ಹನ್ನೊಂದು. ವಾರ್ಷಿಕ ಪರೀಕ್ಷೆಯಲ್ಲಿ ಪಾಸಾದರೆ ಮುಂದೆ ಓದು, ಇಲ್ಲವಾದರೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸಕ್ಕೆ ಸೇರು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಅವಳ ಹಿಂದೆ ಓದಬೇಕಾದ ಮೂವರು ತಮ್ಮಂದಿರಿದ್ದರು, ಅಪ್ಪನ ಮಾತು ನಿರ್ದಯವೆಂದು ನಾನು ಹೇಳಲಾರೆ. ಮಂಡಳಿಯ ಕಾರ್ಯದರ್ಶಿ ವಿರೂಪಾಕ್ಷಪ್ಪನವರದು ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಅಭಿಮಾನ. ಆ ಅಭಿಮಾನವನ್ನು ಒಂದು ಸಂಜೆಯ ಮಟ್ಟಿಗೆ ಮನೆಯಲ್ಲಿ ಬಿಟ್ಟು ಅವರು ನಮ್ಮ ಸಂಘಕ್ಕೆ ಬಂದು, ಏಳೆಂಟು ವಿದ್ಯಾರ್ಥಿಗಳಿದ್ದಾರೆ, ಎಲ್ಲರಿಗಿಂತ ಮೊದಲು ಈ ಹುಡುಗಿಗೆ ಗಣಿತ ಹೇಳಿಕೊಡುವವರು ಬೇಕು ಎಂದು ಕೇಳಿದರು. ನಮ್ಮ ವಾಸುದೇವರಾಯರು ಉಡುಪಿಯ ಕಡೆಯವರು, ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಕೇಳಿದ ಕೂಡಲೇ ಒಪ್ಪಿದರು. ಭಾನುವಾರ ಬೆಳಿಗ್ಗೆ ಮಾಟುಂಗಾದಲ್ಲಿ ಪಾಠವೆಂದು ನಿಶ್ಚಯವಾಯಿತು. ಕುರ್ಲಾದ ಚಾಳಿನಲ್ಲಿ ಅಂಟಿಸಲು ನೋಟೀಸು ಬರೆಯುವ ಕೆಲಸ ಉಪಕಾರ್ಯದರ್ಶಿಯಾದ ನನಗೆ ಬಂತು.

ನನಗಾಗ ಹೊಸ ಬರವಣಿಗೆಯ ಹುಚ್ಚು. ವಾಕ್ಯದಲ್ಲಿ ಒಂದು ಪದ ಹೆಚ್ಚಾದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಂತೆ ಆಗುತ್ತಿತ್ತು. ಸ್ಥಳ, ಸಮಯ, ವಿಷಯಗಳನ್ನೆಲ್ಲ ಹೊಡೆದು, ತಿದ್ದಿ, ಮೂರು ಸಾಲಿಗೆ ಇಳಿಸಿ, ಕೊನೆಗೊಂದು ಸಾಲು ಸೇರಿಸಿದೆ: ಬಂದವರಿಗೆಲ್ಲ ತಿಂಡಿ ಇದೆ. ಇಷ್ಟು ಸರಳವಾದ, ಇಷ್ಟು ಆದರದ ವಾಕ್ಯವನ್ನು ನಾನು ಅಲ್ಲಿಯವರೆಗೆ ಬರೆದಿರಲಿಲ್ಲ.

ಆ ಭಾನುವಾರ ಪಾತ್ರೆ ತುಂಬ ಉಪ್ಪಿಟ್ಟಿತ್ತು, ಕರಿಹಲಗೆಯಿತ್ತು, ವಾಸುದೇವರಾಯರಿದ್ದರು. ಕುರ್ಲಾದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಹನ್ನೊಂದು ಗಂಟೆಯವರೆಗೆ ಕಾದು ಉಪ್ಪಿಟ್ಟನ್ನು ನಾವೇ ತಿಂದೆವು. ಮುಂದಿನ ಭಾನುವಾರವೂ ಅದೇ ಕಥೆ. ಕೇಳಿಕೊಂಡು ಬಂದು ಆಮೇಲೆ ಅವಮಾನ ಮಾಡಿದರು ಎಂದು ನಮ್ಮವರು ಮುನಿದರೆ, ಕರೆದು ಅವಮಾನ ಮಾಡಿದರು ಎಂದು ಅಲ್ಲಿ ವಿರೂಪಾಕ್ಷಪ್ಪನವರೂ ಮುನಿದಿದ್ದರಂತೆ. ಪರೀಕ್ಷೆಗೆ ಎಂಟು ವಾರ ಉಳಿದಿತ್ತು.

ಮೂರನೆಯ ಭಾನುವಾರ ಶಾಂತಾ ಒಬ್ಬಳೇ ಬಂದಳು. ನನ್ನ ನೆನಪಿನಲ್ಲಿ ಅವಳು ಮಳೆಯಲ್ಲಿ ನೆನೆದು ಬಾಗಿಲಲ್ಲಿ ನಿಂತಿದ್ದಾಳೆ. ಆದರೆ ಆ ತಿಂಗಳಲ್ಲಿ ಮುಂಬಯಿಗೆ ಮಳೆಯಿಲ್ಲ, ಆದ್ದರಿಂದ ಅದು ಇಸ್ತ್ರಿಯವನ ಕೆಲಸ. ಕೈಯಲ್ಲಿ ಚಾಳಿನ ಗೋಡೆಯಿಂದ ಕಿತ್ತುತಂದ ನೋಟೀಸಿದ್ದದ್ದು ಮಾತ್ರ ಖಂಡಿತ.

"ಇದನ್ನ ಬರದವರು ಯಾರ್ರಿ?" ಎಂದಳು. ನಾನು ತುಸು ಹೆಮ್ಮೆಯಿಂದಲೇ ಎದ್ದು ನಿಂತೆ.

"ಸರ್, ನಮ್ಮ ಕಡೆ ತಿಂಡಿ ಅಂದ್ರ ತಿನ್ನೂದಲ್ರಿ, ಕೆರಕೊಳ್ಳೂದು."

ಬಂದವರಿಗೆಲ್ಲ ತುರಿಕೆ ಇದೆ! ಅವಳ ಅಜ್ಜಿ, ಅಲ್ಲಿಗೆ ಹೋದವರಿಗೆ ಅದೇನೋ ಅಂಟುತ್ತದಂತೆ ಎಂದು ಮೊಮ್ಮಗಳನ್ನು ಹೊಸ್ತಿಲಲ್ಲೇ ತಡೆದಿದ್ದಳು. ಚಾಳಿನ ತರುಣರ ಓದು ಬೇರೆ. ಅವರ ಸೀಮೆಯಲ್ಲಿ ತಿಂಡಿ ಇದೆಯೇನು ಎಂದರೆ ಜಗಳಕ್ಕೆ ಕರೆದ ಹಾಗೆ. ಇಬ್ಬರಂತೂ ತೋಳು ಏರಿಸಿಕೊಂಡು ಮಾಟುಂಗಾಕ್ಕೆ ಹೊರಡಲು ಎದ್ದೇಬಿಟ್ಟಿದ್ದರಂತೆ.

ವಾಸುದೇವರಾಯರು ಸೀಮೆಸುಣ್ಣ ಕೆಳಗಿಟ್ಟು ನನ್ನನ್ನು ನೋಡಿದರು. "ಹಾಗಾದ್ರೆ ನಾವು ಎರಡು ವಾರ ಪಾತ್ರೆ ತುಂಬ ತುರಿಕೆ ಮಾಡಿಟ್ಟು ಕಾದದ್ದಾ ಮಾರಾಯ್ರೆ?"

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಎಷ್ಟೋ ಕಡೆ ನಿಲ್ಲಿಸಿದ್ದೇನೆ, ಜನ ನಕ್ಕಿದ್ದಾರೆ. ಆದರೆ ಸುಕ್ಕು ಇರುವುದು ಇಲ್ಲಿಯೇ. ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದು, ದಿನಕ್ಕೆರಡು ಸಲ ಉಡುಪಿ ಹೋಟೆಲಿನಲ್ಲಿ ಚಹಾ ಕುಡಿದ ವಿರೂಪಾಕ್ಷಪ್ಪನವರಿಗೆ ನಮ್ಮ ತಿಂಡಿಯ ಅರ್ಥ ನಿಜವಾಗಿಯೂ ಗೊತ್ತಿರಲಿಲ್ಲವೇ? ಮುಂದೆ ಎಷ್ಟು ಕೇಳಿದರೂ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮೀಸೆಯೊಳಗೇ ನಕ್ಕರು. ಅಂದು ಶಾಂತಾಳ ಕೈಯಿಂದ ನೋಟೀಸು ತೆಗೆದುಕೊಂಡು ಓದಿದಾಗ ನನಗೆ ಕಂಡದ್ದು ಇನ್ನೊಂದು. ಕೆಳಗೆ ನಮ್ಮ ಸಂಘದ ಹೆಸರೊಂದೇ ಇತ್ತು. ಹೆಚ್ಚಾಯಿತೆಂದು ನಾನು ಹೊಡೆದುಹಾಕಿದ ಪದಗಳಲ್ಲಿ ಅವರ ಮಂಡಳಿಯ ಹೆಸರೂ ಸೇರಿತ್ತು. ಚಪ್ಪಲಿಯ ಕಲ್ಲೆಂದು ನಾನು ಎಸೆದದ್ದು ಒಬ್ಬ ಮನುಷ್ಯ ಅಭಿಮಾನ ಬದಿಗಿಟ್ಟು ಮಾಟುಂಗಾದವರೆಗೆ ನಡೆದುಬಂದ ದಾರಿಯನ್ನು. ನನ್ನ ಎರಡು ತಪ್ಪುಗಳಲ್ಲಿ ನಗು ಬರಿಸುವುದನ್ನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ನೋಡಿ.

ಮರುದಿನ ಸಂಜೆಯೇ ನಾನು ಕುರ್ಲಾಕ್ಕೆ ಹೋಗಿ ಎರಡನ್ನೂ ಒಪ್ಪಿಕೊಂಡೆ. ಆಮೇಲೆ ಎರಡು ಕಡೆಯವರ ಸಭೆ ಸೇರಿತು. ಯಾರ ಹೆಸರು ಮೊದಲು, ಪಾಠ ಯಾರ ಜಾಗದಲ್ಲಿ, ಹುಡುಗಿ ಪಾಸಾದರೆ ಯಾರ ವಾರ್ಷಿಕ ವರದಿಯಲ್ಲಿ ಬರಬೇಕು ಎಂಬ ಚರ್ಚೆ ಎರಡು ಸುತ್ತು ಚಹಾ ಮುಗಿದರೂ ಮುಗಿಯಲಿಲ್ಲ. ತುರಿಕೆ ಇದ್ದದ್ದು ನಿಜ ಎಂದು ನನಗನ್ನಿಸಿತು; ಉಪಕಾರದ ಮೇಲೆ ಹೆಸರು ಕೆತ್ತಿಸುವ ತುರಿಕೆ, ಅದು ಮಾತ್ರ ಎರಡೂ ಕನ್ನಡದಲ್ಲಿ ಒಂದೇ. ಪಾತ್ರೆಯ ಮೇಲೆ ಹೆಸರು ಕೆತ್ತುವುದು ಅದು ತಿರುಗಿ ಬರಲಿ ಎಂದು. ಓದಿದ ಮಕ್ಕಳು ತಿರುಗಿ ಬರಬೇಕಾದದ್ದು ನಮ್ಮ ಕಪಾಟಿಗಲ್ಲ. ಇಷ್ಟು ಚೆನ್ನಾಗಿ ಆಗಲೇ ಅನ್ನಿಸಿತೋ ಈಗ ಅನ್ನಿಸುತ್ತಿದೆಯೋ ಹೇಳಲಾರೆ. ಮೂಲೆಯಲ್ಲಿ ಲಾಗರಿದಮ್ ಪುಸ್ತಕ ಹಿಡಿದು ಕೂತಿದ್ದ ಶಾಂತಾ ಹೇಳಿದ್ದಂತೂ ಕಿವಿಯಲ್ಲಿದೆ.

"ವರದಿಯೊಳಗ ನನ್ನ ಯಾರರೆ ಬರ್ಕೊಳ್ರಿ, ಬೇಕಾದ್ರ ಇಬ್ಬರೂ ಬರ್ಕೊಳ್ರಿ. ಪುಸ್ತಕಾ ಮತ್ತ ಮಾಸ್ತರು ಎರಡೂ ಒಂದ ಟೇಬಲ್ ಮ್ಯಾಲ ಸಿಕ್ರ ನನಗ ಸಾಕು."

"ನಾನು ಟೇಬಲಿನ ಮೇಲೆ ಕೂರುವವ ಅಲ್ಲ, ಈಗಲೇ ಹೇಳ್ತೇನೆ" ಎಂದರು ವಾಸುದೇವರಾಯರು. ಎಲ್ಲರಿಗಿಂತ ಮೊದಲು ನಕ್ಕವರು ವಿರೂಪಾಕ್ಷಪ್ಪನವರು.

ಟೇಬಲ್ ಸಿಕ್ಕಿದ್ದು ಸರಿಯಾಗಿ ಗಡಿಯಲ್ಲಿಯೇ, ಸಾಯನ್ ಸ್ಟೇಷನ್ನಿನ ಹತ್ತಿರ ಬೆಳಗಾವಿಯ ದರ್ಜಿಯೊಬ್ಬರ ಅಂಗಡಿಯಲ್ಲಿ. ಭಾನುವಾರ ಅಂಗಡಿಗೆ ರಜೆ. ಬಟ್ಟೆ ಕತ್ತರಿಸುವ ಉದ್ದನೆಯ ಟೇಬಲಿನ ಸುತ್ತ ಎಂಟು ಜನ ನಿಂತೇ ಕಲಿತರು. ಪುಸ್ತಕಗಳನ್ನು ವಿರೂಪಾಕ್ಷಪ್ಪನವರು ಸ್ವತಃ ಗಂಟು ಕಟ್ಟಿ ಹೊತ್ತು ತರುತ್ತಿದ್ದರು. ವಾಸುದೇವರಾಯರು ದರ್ಜಿಯ ನೀಲಿ ಸೀಮೆಸುಣ್ಣದಿಂದ ಟೇಬಲಿನ ಮೇಲೆಯೇ ಪ್ಯಾರಾಬೊಲ ಬರೆಯುತ್ತಿದ್ದರು. ಒಂದು ಸೋಮವಾರ ದರ್ಜಿ ಆ ಗೆರೆಯನ್ನೇ ನಂಬಿ ಯಾರದೋ ಅಂಗಿಯ ಕೊರಳು ಕತ್ತರಿಸಿದರೆಂದು ನಾನು ಹೇಳುವುದುಂಟು. ಅದು ನಾನೇ ಹೊಲಿದದ್ದಿರಬೇಕು. ಪಾಠ ಮುಗಿದ ಮೇಲೆ ನಮ್ಮ ಉಪ್ಪಿಟ್ಟು, ಕುರ್ಲಾದ ಒಗ್ಗರಣೆ ಹಾಕಿದ ಚುರುಮುರಿ. ಬೀದಿಯ ನಲ್ಲಿಯಲ್ಲಿ ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಯಾವುದೋ ಒಂದು ಭಾನುವಾರ ಮುಚ್ಚಳಗಳು ಅದಲುಬದಲಾದವು. ಯಾರೂ ತಿರುಗಿ ಕೇಳಲಿಲ್ಲ. ಮುಂದೆ ಸಂಘ ದೊಡ್ಡ ಪಾತ್ರೆ ಕೊಂಡಾಗ ಇದು ಆ ಮುಚ್ಚಳದೊಂದಿಗೇ ನನ್ನ ಪಾಲಿಗೆ ಬಂತು.

ಶಾಂತಾ ಪಾಸಾದಳು. ಗಣಿತಕ್ಕೆ ಅರವತ್ತೆರಡು ಎಂದು ನನ್ನ ನೆನಪು, ಐವತ್ತೆರಡು ಎಂದು ವಾಸುದೇವರಾಯರದು. ಅವಳ ಅಪ್ಪ ಚಾಳಿಗೆಲ್ಲ ಪೇಢೆ ಹಂಚಿದ್ದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಂಘದ ವರದಿಯಲ್ಲೂ ಮಂಡಳಿಯ ವರದಿಯಲ್ಲೂ ಅವಳ ಹೆಸರು ಬಂತು; ಒಬ್ಬಳೇ ಹುಡುಗಿ ಒಂದೇ ಪರೀಕ್ಷೆಯಲ್ಲಿ ಎರಡು ಸಲ ಪಾಸಾದಳು. ಮರುವರ್ಷ ಬಿ.ಎಸ್ಸಿ. ಓದುತ್ತ ಅವಳು ಅದೇ ಟೇಬಲಿನ ಆಚೆ ಬದಿಗೆ, ಕಲಿಸುವವರ ಕಡೆಗೆ, ಬಂದು ನಿಂತಳು. ನೋಟೀಸು ಬರೆಯುವ ಕೆಲಸವನ್ನು ನನ್ನಿಂದ ಕಿತ್ತು ಅವಳಿಗೆ ಕೊಟ್ಟರು. ಎರಡೂ ಹೆಸರುಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ ಬರೆದು ಕೆಳಗೆ ಅವಳು ಬರೆದದ್ದು ಇಷ್ಟು: ತಿಂಡಿ ಇದ್ದವರೆಲ್ಲ ಬರ್ರಿ. ನಾಷ್ಟಾ ಇದೆ.

ಅದರಲ್ಲಿ ಒಂದು ಪದವನ್ನೂ ಹೊಡೆಯಲು ನನಗೆ ಸಾಧ್ಯವಾಗಲಿಲ್ಲ.

ಇವತ್ತು ಬೆಳಿಗ್ಗೆಯೂ ಒಲೆಯ ಮೇಲೆ ಮುಚ್ಚಳ ಕುಣಿಯುತ್ತಿತ್ತು. ಒತ್ತಿ ಸುಮ್ಮನಾಗಿಸಲು ಹೋಗಿ ಬೆರಳು ಸುಟ್ಟುಕೊಂಡೆ. ಕೈ ತೆಗೆದೊಡನೆ ಮತ್ತೆ ಕಟಕಟ. "ಇದಕ್ಕೇನು ತಿಂಡಿ?" ಎಂದು ಗೊಣಗಿದೆ.

"ಉಪ್ಪಿಟ್ಟು" ಎಂದಳು ನನ್ನ ಹೆಂಡತಿ.